ಒಂದು ಹನಿ ಇಂಕಿನ ಲೆಕ್ಕ: ಪೀಜೋ ಹೆಡ್ ಹೇಗೆ ಕೆಲಸ ಮಾಡುತ್ತದೆ?

ಪರೀಕ್ಷೆ ಹತ್ತಿರ ಬಂತೆಂದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಬಸ್ ನಿಲ್ದಾಣದ ಸುತ್ತ ನೋಡಿದರೂ ಝೆರಾಕ್ಸ್ ಅಂಗಡಿಗಳ ಮುಂದೆ ವಿದ್ಯಾರ್ಥಿಗಳ ಸಾಲು ಇರುತ್ತದೆ. ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿ, ಜಾತಿ ಆದಾಯ ಪ್ರಮಾಣ ಪತ್ರ, ಪಾಸ್‌ಪೋರ್ಟ್ ಸೈಜ್ ಫೋಟೋ ಎಲ್ಲವೂ ಅಲ್ಲೇ ಹೊರಬರುತ್ತವೆ. ಅದೇ ರಸ್ತೆಯಲ್ಲಿ ತಲೆ ಎತ್ತಿದರೆ ಗವಿಮಠದ ಜಾತ್ರೆಯ ಬ್ಯಾನರು, ಉರುಸಿನ ಬ್ಯಾನರು, ಹುಟ್ಟುಹಬ್ಬದ ಬ್ಯಾನರು. ಈ ಎಲ್ಲವನ್ನೂ ಬರೆದದ್ದು ಇಂಕಿನ ಹನಿಗಳು. ಆ ಹನಿಯನ್ನು ಅಳೆದು, ಸರಿಯಾದ ಜಾಗಕ್ಕೆ, ಸರಿಯಾದ ಕ್ಷಣದಲ್ಲಿ ಬಿಡುವ ಒಂದು ಪುಟ್ಟ ಸಾಧನದ ಬಗ್ಗೆ ಈ ಲೇಖನ. ಅದರ ಹೆಸರು ಪೀಜೋ ಪ್ರಿಂಟ್ ಹೆಡ್.

ನಾನು ವಾಣಿಜ್ಯ ವಿಭಾಗದವಳು. "ಇದು ಸೈನ್ಸ್‌ನವರ ಪಾಠವಲ್ಲವೇ?" ಎಂದು ನೀವು ಕೇಳಬಹುದು. ನಮ್ಮ ಭಾಯಿಜಾನ್ ಗಂಗಾವತಿಯಲ್ಲಿ ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ ನಡೆಸುತ್ತಾರೆ. ಅಂಗಡಿಯ ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಈ ವರ್ಷ ಅವರಿಗೆ ಒಂದು ಸೆಕೆಂಡ್ ಹ್ಯಾಂಡ್ ಫ್ಲೆಕ್ಸ್ ಮಷಿನ್ ಕೊಳ್ಳುವ ಆಸೆ. ಅದಕ್ಕೆ ಅಮ್ಮಿಯ ಬೀಸಿ ಚೀಟಿಯ ದುಡ್ಡು ಎತ್ತಬೇಕು. ಮಷಿನ್ ನೋಡಲು ಹೋದಾಗ ಎಲ್ಲರೂ ಹೇಳಿದ ಮಾತು ಒಂದೇ: "ಮಷಿನ್ ಅಂದರೆ ಹೆಡ್. ಹೆಡ್ ಚೆನ್ನಾಗಿದ್ದರೆ ಮಷಿನ್ ಚೆನ್ನ." ಹಾಗಾದರೆ ಆ ಹೆಡ್ ಒಳಗೆ ಏನಿದೆ ಎಂದು ತಿಳಿಯದೆ ಮನೆಯ ದುಡ್ಡು ಹಾಕುವುದು ಹೇಗೆ? ನಮ್ಮ ಕಾಲೇಜಿನ ಭೌತಶಾಸ್ತ್ರದ ಸರ್ ಹತ್ತಿರ ಹೋಗಿ ಕೇಳಿದೆ, ಲೈಬ್ರರಿಯಲ್ಲಿ ಓದಿದೆ. ತಿಳಿದದ್ದನ್ನು ಎರಡೂ ವಿಭಾಗದವರಿಗೆ ಅರ್ಥವಾಗುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಒತ್ತಿದರೆ ವಿದ್ಯುತ್, ವಿದ್ಯುತ್ ಕೊಟ್ಟರೆ ಅಲುಗಾಟ

ಅಡುಗೆಮನೆಯ ಗ್ಯಾಸ್ ಲೈಟರ್ ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಸೆಲ್ ಇಲ್ಲ, ವೈರ್ ಚುಚ್ಚುವುದಿಲ್ಲ. ಆದರೂ ಒತ್ತಿದಾಗ 'ಟಕ್' ಎಂದು ಕಿಡಿ ಬರುತ್ತದೆ. ಒಳಗಿನ ಸ್ಪ್ರಿಂಗ್ ಒಂದು ಪುಟ್ಟ ಸುತ್ತಿಗೆಯನ್ನು ಬಿಡುತ್ತದೆ, ಅದು ಒಂದು ಸೆರಾಮಿಕ್ ತುಂಡಿಗೆ ಬಡಿಯುತ್ತದೆ. ಬಡಿದ ಪೆಟ್ಟಿಗೆ ಆ ತುಂಡಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಕಿಡಿಯಾಗಿ ಹಾರುತ್ತದೆ. ಒತ್ತಡದಿಂದ ಹೀಗೆ ವಿದ್ಯುತ್ ಹುಟ್ಟುವುದಕ್ಕೆ ಪೀಜೋ ವಿದ್ಯುತ್ ಪರಿಣಾಮ ಎನ್ನುತ್ತಾರೆ. 'ಪೀಜೋ' ಗ್ರೀಕ್ ಮೂಲದ ಮಾತು. ಒತ್ತು ಎಂದು ಅರ್ಥ.

ಇದನ್ನು 1880ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಅಣ್ಣತಮ್ಮಂದಿರು, ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ. ಪಿಯರ್‌ಗೆ ಆಗ 21 ವರ್ಷ, ನಮಗಿಂತ ನಾಲ್ಕೇ ವರ್ಷ ದೊಡ್ಡವರು. ಮುಂದೆ ಮೇರಿ ಕ್ಯೂರಿಯವರ ಪತಿಯಾದವರು ಇವರೇ. ಕ್ವಾರ್ಟ್ಜ್, ಟೂರ್ಮಲಿನ್ ಮಾತ್ರವಲ್ಲ, ಕಬ್ಬಿನ ಸಕ್ಕರೆಯ ಹರಳಿನಲ್ಲೂ ಈ ಗುಣ ಇದೆ ಎಂದು ಅವರು ತೋರಿಸಿದರು. ಮರುವರ್ಷ, 1881ರಲ್ಲಿ, ಗೇಬ್ರಿಯಲ್ ಲಿಪ್‌ಮನ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ಇದರ ಉಲ್ಟಾ ಕೂಡ ನಿಜವಾಗಬೇಕು ಎಂದರು: ಹರಳಿಗೆ ವಿದ್ಯುತ್ ಕೊಟ್ಟರೆ ಅದು ಹಿಗ್ಗಬೇಕು ಅಥವಾ ಕುಗ್ಗಬೇಕು. ಕ್ಯೂರಿ ಸಹೋದರರು ಅದೇ ವರ್ಷ ಪ್ರಯೋಗ ಮಾಡಿ ಹೌದೆಂದು ಖಚಿತಪಡಿಸಿದರು. ಲೈಟರ್ ನಡೆಯುವುದು ಮೊದಲ ನಿಯಮದಿಂದ, ಪ್ರಿಂಟರ್ ಹೆಡ್ ನಡೆಯುವುದು ಈ ಎರಡನೆಯ ನಿಯಮದಿಂದ.

ಇಂದಿನ ಹೆಡ್‌ಗಳಲ್ಲಿ ಹೆಚ್ಚಾಗಿ ಬಳಸುವುದು ನೈಸರ್ಗಿಕ ಹರಳನ್ನಲ್ಲ, 1950ರ ದಶಕದಲ್ಲಿ ಬಳಕೆಗೆ ಬಂದ ಪಿಜೆಡ್‌ಟಿ ಎಂಬ ಸೆರಾಮಿಕ್ಕನ್ನು. ಸೀಸ, ಜಿರ್ಕೋನಿಯಂ, ಟೈಟಾನಿಯಂ ಮತ್ತು ಆಮ್ಲಜನಕ ಸೇರಿದ ವಸ್ತು ಅದು. ಕುಂಬಾರರು ಮಡಕೆ ಸುಡುವಂತೆ ಅದನ್ನೂ ಸುಟ್ಟು ಗಟ್ಟಿ ಮಾಡುತ್ತಾರೆ. ಆದರೆ ಸುಟ್ಟ ಕೂಡಲೇ ಅದಕ್ಕೆ ಪೀಜೋ ಗುಣ ಬರುವುದಿಲ್ಲ. ಒಳಗಿನ ಸಣ್ಣ ಸಣ್ಣ ಭಾಗಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿರುತ್ತವೆ. ಹೆಚ್ಚು ವೋಲ್ಟೇಜ್ ಕೊಟ್ಟಾಗ ಅವೆಲ್ಲ ಸುಮಾರಾಗಿ ಒಂದೇ ದಿಕ್ಕಿಗೆ ತಿರುಗುತ್ತವೆ. ಬೆಳಗಿನ ಅಸೆಂಬ್ಲಿಯಲ್ಲಿ ಪಿ.ಟಿ. ಸರ್ ಸೀಟಿ ಊದಿದಾಗ ನಾವು ಸಾಲಾಗಿ ನಿಲ್ಲುತ್ತೇವಲ್ಲ, ಹಾಗೆ. ತುಂಬಾ ಬಿಸಿ ಮಾಡಿದರೆ ಈ ಸಾಲು ಮತ್ತೆ ಚದುರಿ ಗುಣವೇ ಹೋಗುತ್ತದೆ.

ಒಂದು ಮಾತು ಗಮನಿಸಿ. ಪಿಜೆಡ್‌ಟಿ ಅಲುಗುವುದು ಬಹಳ ಕಡಿಮೆ. 100 ವೋಲ್ಟ್ ಕೊಟ್ಟರೂ ಒಂದು ಪದರ ದಪ್ಪವಾಗುವುದು ಒಂದು ಮೈಕ್ರೋಮೀಟರಿನ ಇಪ್ಪತ್ತನೆಯ ಒಂದು ಭಾಗದ ಆಸುಪಾಸು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರೋಮೀಟರ್. ಇಷ್ಟು ಕಡಿಮೆ ಚಲನೆಯಿಂದ ಇಂಕನ್ನು ತಳ್ಳುವುದು ಹೇಗೆ? ಇದಕ್ಕೆ ಮೂರು ಉಪಾಯ ಇವೆ. ತೆಳು ಪದರಗಳನ್ನು ರೊಟ್ಟಿಗಳ ಹಾಗೆ ಒಂದರ ಮೇಲೊಂದು ಪೇರಿಸಿದರೆ ಎಲ್ಲರ ಚಲನೆ ಕೂಡುತ್ತದೆ. ಪೀಜೋ ಪದರವನ್ನು ಇನ್ನೊಂದು ತೆಳು ಹಾಳೆಗೆ ಅಂಟಿಸಿದರೆ ಅದು ಹಿಗ್ಗಲು ಹೋಗಿ ಹಾಳೆಯೊಂದಿಗೆ ಬಾಗುತ್ತದೆ, ಬಾಗಿದಾಗ ಚಲನೆ ದೊಡ್ಡದಾಗುತ್ತದೆ. ಮೂರನೆಯದರಲ್ಲಿ ಇಂಕಿನ ಕಾಲುವೆಯ ಗೋಡೆಗಳೇ ಪೀಜೋ ಆಗಿದ್ದು, ವಿದ್ಯುತ್ ಕೊಟ್ಟಾಗ ಓರೆಯಾಗಿ ವಾಲುತ್ತವೆ. ಫ್ಲೆಕ್ಸ್ ಮಷಿನ್‌ಗಳ ಅನೇಕ ಹೆಡ್‌ಗಳು ಈ ಗೋಡೆ ವಾಲುವ ಬಗೆಯವು.

ಪಿಕೋಲೀಟರ್ ಎಂದರೆ ಎಷ್ಟು?

ಹಾಲನ್ನು ಲೀಟರಿನಲ್ಲಿ, ಔಷಧಿಯನ್ನು ಮಿಲಿಲೀಟರಿನಲ್ಲಿ ಅಳೆಯುತ್ತೇವೆ. ಪ್ರಿಂಟರ್ ಹೆಡ್‌ನ ಅಳತೆ ಪಿಕೋಲೀಟರ್. ಒಂದು ಲೀಟರನ್ನು ಒಂದು ಲಕ್ಷ ಕೋಟಿ ಭಾಗ ಮಾಡಿದರೆ ಸಿಗುವ ಒಂದು ಭಾಗವೇ ಒಂದು ಪಿಕೋಲೀಟರ್. ಒಂದು ಮಿಲಿಲೀಟರಿನಲ್ಲಿ 100 ಕೋಟಿ ಪಿಕೋಲೀಟರ್ ಇವೆ.

ಕಣ್ಣಿಗೆ ಬಿಡುವ ಔಷಧಿಯ ಒಂದು ಹನಿ ಸುಮಾರು 50 ಮೈಕ್ರೋಲೀಟರ್, ಅಂದರೆ 5 ಕೋಟಿ ಪಿಕೋಲೀಟರ್. ಪ್ರಿಂಟರಿನ ಒಂದು ಹನಿ 4 ಪಿಕೋಲೀಟರ್ ಎಂದು ಹಿಡಿದರೆ, ಕಣ್ಣಿನ ಔಷಧಿಯ ಒಂದೇ ಒಂದು ಹನಿಯಲ್ಲಿ ಅಂಥ 1 ಕೋಟಿ 25 ಲಕ್ಷ ಹನಿಗಳಾಗುತ್ತವೆ. ಅಂಥ ಒಂದು ಹನಿಯ ಅಡ್ಡಳತೆ ಸುಮಾರು 20 ಮೈಕ್ರೋಮೀಟರ್, ಕೂದಲಿನ ದಪ್ಪದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ.

ಹನಿ ಚಿಕ್ಕದಾದಷ್ಟೂ ಚಿತ್ರ ನಯವಾಗುತ್ತದೆ. ಕೈಯಲ್ಲಿ ಹಿಡಿದು ನೋಡುವ ಫೋಟೋಗೆ ಚಿಕ್ಕ ಹನಿ ಬೇಕು. ಇಪ್ಪತ್ತು ಅಡಿ ದೂರದಿಂದ ನೋಡುವ ಬ್ಯಾನರಿಗೆ ಅಷ್ಟು ಚಿಕ್ಕದು ಬೇಡ, ಬೇಗ ಮುಗಿಯುವುದು ಮುಖ್ಯ. ಅದಕ್ಕೇ ಫ್ಲೆಕ್ಸ್ ಮಷಿನ್‌ಗಳಲ್ಲಿ ಹೆಚ್ಚಾಗಿ ಕಾಣುವ ಕೊನಿಕಾ ಮಿನೋಲ್ಟಾ 512 ಸರಣಿಯ ಹೆಡ್‌ಗಳಲ್ಲಿ 14 ಪಿಕೋಲೀಟರಿನಿಂದ 42 ಪಿಕೋಲೀಟರಿನವರೆಗಿನ ಬಗೆಗಳಿವೆ. ಹೆಸರಿನಲ್ಲಿರುವ 512 ಎಂದರೆ ಆ ಹೆಡ್‌ನಲ್ಲಿರುವ ನಾಝಲ್‌ಗಳ, ಅಂದರೆ ಹನಿ ಬೀಳುವ ತೂತುಗಳ ಸಂಖ್ಯೆ.

ಹನಿ ಹುಟ್ಟುವ ನಾಲ್ಕು ಹಂತ

ಪ್ರತಿ ನಾಝಲ್‌ನ ಹಿಂದೆ ಇಂಕು ತುಂಬಿದ ಒಂದು ಪುಟ್ಟ ಕೋಣೆ ಇದೆ. ಕೋಣೆಯ ಒಂದು ಗೋಡೆ ಪೀಜೋ. ಕಂಪ್ಯೂಟರಿನಿಂದ 'ಈ ಚುಕ್ಕೆ ಬೇಕು' ಎಂಬ ಸೂಚನೆ ಬಂದಾಗ ನಡೆಯುವುದು ಹೀಗೆ.

ಒಂದು: ಗೋಡೆ ಮೊದಲು ಹೊರಕ್ಕೆ ಸರಿಯುತ್ತದೆ. ಕೋಣೆ ದೊಡ್ಡದಾಗಿ ಹಿಂದಿನಿಂದ ಇಂಕು ಒಳಗೆ ಬರುತ್ತದೆ. ತೂತಿನ ಬಾಯಲ್ಲಿರುವ ಇಂಕಿನ ಮೇಲ್ಮೈ ಸ್ವಲ್ಪ ಒಳಕ್ಕೆ ಎಳೆಯಲ್ಪಡುತ್ತದೆ.

ಎರಡು: ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಗೋಡೆ ಒಳಕ್ಕೆ ಒತ್ತುತ್ತದೆ. ಕೋಣೆಯೊಳಗೆ ಒತ್ತಡದ ಅಲೆ ಏಳುತ್ತದೆ.

ಮೂರು: ಇಂಕು ತೂತಿನಿಂದ ಸಣ್ಣ ಕಂಬದ ಹಾಗೆ ಹೊರಗೆ ಬರುತ್ತದೆ. ಗೋಡೆ ಮತ್ತೆ ಹಿಂದಕ್ಕೆ ಹೋದಾಗ ಆ ಕಂಬ ಕತ್ತರಿಸಿ ಹನಿಯಾಗಿ ಬೇರೆಯಾಗುತ್ತದೆ. ಇಂಕಿನ ಮೇಲ್ಮೈ ಎಳೆತ ಅದನ್ನು ಉಂಡೆ ಮಾಡುತ್ತದೆ.

ನಾಲ್ಕು: ಹನಿ ಸೆಕೆಂಡಿಗೆ ಐದಾರು ಮೀಟರ್ ಅಥವಾ ಇನ್ನೂ ಹೆಚ್ಚಿನ ವೇಗದಲ್ಲಿ ಹೋಗಿ ಕಾಗದಕ್ಕೆ ಅಥವಾ ಫ್ಲೆಕ್ಸಿಗೆ ಬೀಳುತ್ತದೆ. ಅಷ್ಟರಲ್ಲಿ ಕೋಣೆ ಮತ್ತೆ ತುಂಬಿ ಮುಂದಿನ ಹನಿಗೆ ಸಿದ್ಧ.

ಇದೆಲ್ಲ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ನಡೆಯುತ್ತದೆ. ಒತ್ತುವ ವಿದ್ಯುತ್ತಿನ ವೋಲ್ಟೇಜ್ ಮತ್ತು ಅವಧಿ ಬದಲಿಸಿದರೆ ಹನಿಯ ಗಾತ್ರ ಮತ್ತು ವೇಗ ಬದಲಾಗುತ್ತವೆ. ಇದೇ ಪೀಜೋದ ದೊಡ್ಡ ಲಾಭ. ಅತ್ತರ್ ಮಾರುವವರು ಗಾಜಿನ ಕಡ್ಡಿಯನ್ನು ಶೀಶೆಯಲ್ಲಿ ಅದ್ದಿ ಕೈಗೆ ಸವರುತ್ತಾರೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಪೀಜೋ ಹೆಡ್‌ನಲ್ಲಿ ಮೊದಲ ಹನಿಯೂ ಹತ್ತು ಲಕ್ಷನೆಯ ಹನಿಯೂ ಹೆಚ್ಚುಕಡಿಮೆ ಒಂದೇ ಅಳತೆ.

ಆದರೆ ದ್ರವವೂ ಮಾತು ಕೇಳುವಂತಿರಬೇಕು. ತೀರಾ ನೀರಾದರೆ ಒಂದು ಹನಿಯ ಹಿಂದೆ ಬಾಲ ಬಂದು ಅದು ಒಡೆದು ಮರಿಹನಿಗಳಾಗುತ್ತವೆ. ಅಕ್ಷರದ ಅಂಚಿನಲ್ಲಿ ಕಾಣುವ ಮಸಿಯ ತುಂತುರು ಅದೇ. ತೀರಾ ಗಟ್ಟಿಯಾದರೆ ಹನಿ ತೂತಿನಿಂದ ಕಳಚುವುದೇ ಇಲ್ಲ. ನೀರಿನ ಸ್ನಿಗ್ಧತೆ 1 ಎಂದರೆ ಅನೇಕ ಕೈಗಾರಿಕಾ ಹೆಡ್‌ಗಳಿಗೆ ಸುಮಾರು 10ರ ಆಸುಪಾಸಿನ ಇಂಕು ಬೇಕು. ಬಿಸಿಯಾದಾಗ ಇಂಕು ತೆಳುವಾಗುತ್ತದೆ, ಆಗ ಅದೇ ವೋಲ್ಟೇಜಿಗೆ ಹನಿ ದೊಡ್ಡದಾಗುತ್ತದೆ. ನಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನ ನೆನಪಿಸಿಕೊಳ್ಳಿ.

ಎರಡು ದಾರಿ: ಕಾಯಿಸಿ ತಳ್ಳುವುದು, ಒತ್ತಿ ತಳ್ಳುವುದು

ಎಲ್ಲ ಇಂಕ್‌ಜೆಟ್ ಪ್ರಿಂಟರುಗಳೂ ಪೀಜೋ ಅಲ್ಲ. ಇನ್ನೊಂದು ದಾರಿ ಬಿಸಿಯದು. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಕಾದ ಬೆಸುಗೆ ಕಡ್ಡಿ ಇಂಕು ತುಂಬಿದ ಸಿರಿಂಜಿನ ಸೂಜಿಗೆ ತಾಗಿತು, ಸೂಜಿಯ ತುದಿಯಿಂದ ಇಂಕು ಚಿಮ್ಮಿತು. ಅದರಿಂದ ಹುಟ್ಟಿದ್ದು ಬಬಲ್ ಜೆಟ್. ಪುಟ್ಟ ಹೀಟರ್ ಇಂಕನ್ನು ಕ್ಷಣಮಾತ್ರದಲ್ಲಿ ಕುದಿಸುತ್ತದೆ, ಗುಳ್ಳೆ ಎದ್ದು ಹನಿಯನ್ನು ಹೊರಗೆ ತಳ್ಳುತ್ತದೆ. ಎಚ್‌ಪಿ ಕಂಪನಿಯ ಥಿಂಕ್‌ಜೆಟ್ 1984ರಲ್ಲಿ ಬಂದದ್ದೂ ಬಿಸಿಯ ದಾರಿಯಲ್ಲೇ.

ಒತ್ತುವ ದಾರಿಯ ಪೇಟೆಂಟುಗಳು 1970ರ ದಶಕದಲ್ಲಿ ಬಂದವು. ಜರ್ಮನಿಯ ಸೀಮೆನ್ಸ್ 1977ರಲ್ಲಿ ಪಿಟಿ-80 ಎಂಬ ಪೀಜೋ ಪ್ರಿಂಟರ್ ತಂದಿತು. ಎಪ್ಸನ್ 1993ರಲ್ಲಿ ಸ್ಟೈಲಸ್ 800 ಪ್ರಿಂಟರಿನಲ್ಲಿ ತನ್ನ ಮೈಕ್ರೋ ಪೀಜೋ ಹೆಡ್ ಹಾಕಿತು. ಇಂದು ನಮ್ಮ ತಾಲೂಕುಗಳ ಅಂಗಡಿಗಳಲ್ಲಿ ಕಾಣುವ, ಬಾಟಲಿಯಿಂದ ಇಂಕು ತುಂಬುವ ಎಪ್ಸನ್ ಪ್ರಿಂಟರುಗಳ ಒಳಗಿರುವುದು ಅದೇ ಮನೆತನದ ಹೆಡ್. ಆ ಕಂಪನಿಯ ಭಾರತದ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ.

ಎರಡರಲ್ಲಿ ಯಾವುದು ಒಳ್ಳೆಯದು? ಬಿಸಿಯ ಹೆಡ್ ತಯಾರಿಸುವುದು ಅಗ್ಗ, ಕೆಟ್ಟರೆ ಕಾರ್ಟ್ರಿಡ್ಜ್ ಜೊತೆ ಬದಲಿಸಬಹುದು. ಆದರೆ ಇಂಕು ಕುದಿಯಲೇಬೇಕಾದ್ದರಿಂದ ಹೆಚ್ಚಾಗಿ ನೀರು ಆಧಾರಿತ ಇಂಕು ಬೇಕು. ಪೀಜೋಗೆ ಕುದಿಸುವ ಕೆಲಸವಿಲ್ಲ. ಹಾಗಾಗಿ ಸಾಲ್ವೆಂಟ್ ಇಂಕು, ಬಟ್ಟೆಯ ಬಣ್ಣ, ಟೈಲ್ಸಿನ ಸೆರಾಮಿಕ್ ಬಣ್ಣ, ಬಿಸಿ ತಾಳದ ಔಷಧಿ, ಪ್ರೋಟೀನು, ಎಲ್ಲವನ್ನೂ ತಳ್ಳಬಲ್ಲದು. ಫ್ಲೆಕ್ಸ್ ಮಷಿನ್‌ಗಳು ಪೀಜೋ ಆಗಿರುವುದಕ್ಕೆ ಕಾರಣ ಇದೇ. ಹೆಡ್ ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು; ಸರಿಯಾಗಿ ನೋಡಿಕೊಂಡರೆ ಮಾತ್ರ.

ಒಂದು ಚದರಡಿ ಫ್ಲೆಕ್ಸಿನ ಲೆಕ್ಕ

ಈಗ ನಮ್ಮ ವಿಭಾಗದ ಕೆಲಸ. ಒಂದು ಚದರಡಿಯಲ್ಲಿ 144 ಚದರ ಇಂಚು. ಮಷಿನನ್ನು ಇಂಚಿಗೆ ಒಂದು ಕಡೆ 360, ಇನ್ನೊಂದು ಕಡೆ 720 ಚುಕ್ಕೆಗೆ ಇಟ್ಟಿದ್ದೇವೆ ಎಂದುಕೊಳ್ಳಿ.

ಒಂದು ಚದರ ಇಂಚಿನ ಚುಕ್ಕೆಗಳು: 360 × 720 = 2,59,200
ಒಂದು ಚದರಡಿಗೆ: 2,59,200 × 144 = 3,73,24,800

ಒಂದೇ ಬಣ್ಣದಿಂದ ಎಲ್ಲ ಜಾಗ ತುಂಬಿದರೆ, ಹನಿ 42 ಪಿಕೋಲೀಟರಿನದಾದರೆ, ಆಗುವ ಇಂಕು ಸುಮಾರು 156.8 ಕೋಟಿ ಪಿಕೋಲೀಟರ್, ಅಂದರೆ 1.57 ಮಿಲಿಲೀಟರ್. ಮೂರುಮುಕ್ಕಾಲು ಕೋಟಿ ಹನಿ ಸೇರಿ ಒಂದೂವರೆ ಮಿಲಿಲೀಟರ್! 512 ನಾಝಲ್‌ಗಳು ತಲಾ ಸೆಕೆಂಡಿಗೆ 10,000 ಹನಿ ಬಿಟ್ಟರೆ ಒಟ್ಟು ಸೆಕೆಂಡಿಗೆ 51 ಲಕ್ಷ 20 ಸಾವಿರ. ಆಗ ಈ ಚದರಡಿ ಮುಗಿಯಲು ಏಳು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಹೆಡ್ ಆಚೆ ಈಚೆ ತಿರುಗುವ ಸಮಯ ಬೇರೆ.

ಈಗ ಹನಿ ನೂರಕ್ಕೆ 5ರಷ್ಟು ದೊಡ್ಡದಾಯಿತು ಎನ್ನಿ. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಪ್ರತಿ ಚದರಡಿಗೆ ಸುಮಾರು 0.078 ಮಿಲಿಲೀಟರ್ ಹೆಚ್ಚು ಹೋಯಿತು. ಸಾವಿರ ಚದರಡಿಗೆ 78 ಮಿಲಿಲೀಟರ್, ಅದೂ ಒಂದೇ ಬಣ್ಣದಲ್ಲಿ. ಕನ್ನಡದಲ್ಲಿ 'ಹನಿ ಹನಿ ಗೂಡಿದರೆ ಹಳ್ಳ' ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ 'ಕತ್ರಾ ಕತ್ರಾ ದರ್ಯಾ' ಎನ್ನುತ್ತಾರೆ. ಎರಡೂ ಗಾದೆ ಉಳಿತಾಯಕ್ಕೆ ಎಷ್ಟು ನಿಜವೋ ನಷ್ಟಕ್ಕೂ ಅಷ್ಟೇ ನಿಜ.

ಹೆಡ್ ಕೆಡುವುದು ಯಾಕೆ?

ನಾವು ಮಾತಾಡಿಸಿದ ರಿಪೇರಿಯವರು ಒಂದು ಒಳ್ಳೆಯ ಮಾತು ಹೇಳಿದರು: "ಪೀಜೋ ಸಾಯೋದು ಕಡಿಮೆ, ನಾಝಲ್ ಒಣಗೋದೇ ಹೆಚ್ಚು." ಕಾರಣ ಪಾಠದಲ್ಲೇ ಇದೆ. ತೂತಿನ ಬಾಯಲ್ಲಿ ಇಂಕು ಗಾಳಿಗೆ ತೆರೆದಿರುತ್ತದೆ. ಕೆಲಸವಿಲ್ಲದಾಗ ಹೆಡ್ ಒಂದು ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ, ಆಗ ಒಣಗುವುದಿಲ್ಲ. ಪ್ರಿಂಟ್ ನಡುವೆ ಕರೆಂಟ್ ಹೋದರೆ ಹೆಡ್ ದಾರಿಯಲ್ಲೇ ನಿಂತುಬಿಡುತ್ತದೆ, ಬಾಯಿ ತೆರೆದೇ ಇರುತ್ತದೆ. ಹೊರಗೆ ಬಿಸಿಲು, ರಸ್ತೆಯ ಧೂಳು. ಸಾಲ್ವೆಂಟ್ ಬೇಗ ಆರುತ್ತದೆ, ಬಣ್ಣದ ಪುಡಿ ತೂತಿನಲ್ಲಿ ಗಟ್ಟಿಯಾಗುತ್ತದೆ. ಇನ್ನೊಂದು ಶತ್ರು ಗಾಳಿಯ ಗುಳ್ಳೆ. ಕೋಣೆಯಲ್ಲಿ ಗುಳ್ಳೆ ಸೇರಿದರೆ ಗೋಡೆ ಒತ್ತಿದಾಗ ಗುಳ್ಳೆಯೇ ಕುಗ್ಗುತ್ತದೆ, ಇಂಕು ಹೊರಗೆ ಹೋಗುವುದಿಲ್ಲ. ಸೈಕಲ್ಲಿನ ಬ್ರೇಕ್ ವೈರ್ ಸಡಿಲವಾದಾಗ ಲಿವರ್ ಹಿಡಿದರೂ ಚಕ್ರ ನಿಲ್ಲದ ಹಾಗೆ.

ಆದ್ದರಿಂದ ಅಂಗಡಿಯವರಿಗೆ, ಮನೆಯಲ್ಲಿ ಪ್ರಿಂಟರ್ ಇರುವವರಿಗೆ, ನಮ್ಮ ಕಾಲೇಜು ಕಚೇರಿಗೂ ಉಪಯೋಗವಾಗುವ ಸೂಚನೆಗಳು:

1. ಪ್ರಿಂಟರನ್ನು ಅದರ ಬಟನ್‌ನಿಂದಲೇ ಆರಿಸಿ, ಆಮೇಲೆ ಗೋಡೆಯ ಸ್ವಿಚ್. ಆಗ ಹೆಡ್ ಮುಚ್ಚಳಕ್ಕೆ ಹೋಗಿ ಕೂರುತ್ತದೆ.
2. ಯುಪಿಎಸ್ ಖರ್ಚಲ್ಲ, ಹೆಡ್‌ನ ವಿಮೆ.
3. ರಜೆಯಲ್ಲೂ ವಾರಕ್ಕೆ ಒಂದೆರಡು ಸಲ ನಾಝಲ್ ಚೆಕ್ ಪುಟ ತೆಗೆಯಿರಿ. ಗೆರೆ ತುಂಡಾಗಿದ್ದರೆ ಆ ತೂತು ಕೆಲಸ ಮಾಡುತ್ತಿಲ್ಲ.
4. ಹೆಡ್ ಕ್ಲೀನಿಂಗ್ ಬೇಕಾದಾಗ ಮಾತ್ರ ಮಾಡಿ. ಪ್ರತಿ ಸಲವೂ ಇಂಕು ಹೀರಿ ವೇಸ್ಟ್ ಪ್ಯಾಡಿಗೆ ಹೋಗುತ್ತದೆ.
5. ಅಗ್ಗವೆಂದು ಬೇರೆ ಬೇರೆ ಇಂಕು ಬೆರೆಸಬೇಡಿ. ಸ್ನಿಗ್ಧತೆ ಬದಲಾದರೆ ಹನಿಯೂ ಬದಲಾಗುತ್ತದೆ.

ಹೆಡ್‌ನ ಸವಕಳಿ

ಅಕೌಂಟೆನ್ಸಿಯಲ್ಲಿ ನಾವು ಸವಕಳಿಯನ್ನು ವರ್ಷದ ಲೆಕ್ಕದಲ್ಲಿ ಹಾಕುತ್ತೇವೆ. ಹೆಡ್ ಮಾತ್ರ ಕ್ಯಾಲೆಂಡರ್ ನೋಡಿ ಸವೆಯುವುದಿಲ್ಲ. ಅದಕ್ಕೆ ಚದರಡಿಯ ಲೆಕ್ಕ, ಅಂದರೆ ಉತ್ಪಾದನೆಯ ಲೆಕ್ಕದಲ್ಲಿ ಸವಕಳಿ ಹಾಕುವುದು ಸರಿ. ಅಭ್ಯಾಸಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ; ಇವು ಮಾರುಕಟ್ಟೆ ದರವಲ್ಲ. ಹೆಡ್ ಬೆಲೆ 60,000 ರೂಪಾಯಿ. ಚೆನ್ನಾಗಿ ನೋಡಿಕೊಂಡರೆ 1,50,000 ಚದರಡಿ ನಡೆಯುತ್ತದೆ. ಆಗ ಒಂದು ಚದರಡಿಗೆ ಸವಕಳಿ 40 ಪೈಸೆ. ಬೇರೆಲ್ಲ ಖರ್ಚು ಕಳೆದು ಚದರಡಿಗೆ 2 ರೂಪಾಯಿ 50 ಪೈಸೆ ಉಳಿಯುತ್ತಿದ್ದರೆ, ನಿಜವಾದ ಲಾಭ 2 ರೂಪಾಯಿ 10 ಪೈಸೆ. ಅದೇ ಹೆಡ್ 30,000 ಚದರಡಿಗೇ ಒಣಗಿಹೋದರೆ ಸವಕಳಿ ಚದರಡಿಗೆ 2 ರೂಪಾಯಿ. ಲಾಭ ಉಳಿಯುವುದು 50 ಪೈಸೆ. ಗಿರಾಕಿ ಅಷ್ಟೇ, ದರ ಅಷ್ಟೇ, ದುಡಿಮೆ ಅಷ್ಟೇ. ಬದಲಾದದ್ದು ಒಂದು ತೂತಿನ ಬಾಯಲ್ಲಿ ಒಣಗಿದ ಇಂಕು ಮಾತ್ರ.

ಈ ಲೆಕ್ಕವನ್ನು ಭಾಯಿಜಾನ್ ಮುಂದೆ ಇಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, "ಹಾಗಾದರೆ ಮಷಿನ್ ನೋಡೋಕೆ ಹೋದಾಗ ಏನೇನು ಕೇಳಬೇಕು, ಬರೆದು ಕೊಡು" ಎಂದರು. ಬರೆದು ಕೊಟ್ಟದ್ದು ಇಷ್ಟು: ನಮ್ಮ ಮುಂದೆಯೇ ನಾಝಲ್ ಚೆಕ್ ತೆಗೆದು ತೋರಿಸಬೇಕು, ಎಷ್ಟು ನಾಝಲ್ ಸತ್ತಿವೆ ಎಣಿಸಬೇಕು, ಹೆಡ್ ಯಾವ ವರ್ಷ ಹಾಕಿದ್ದು, ಎಷ್ಟು ಚದರಡಿ ಓಡಿದೆ ಎಂದು ಕೇಳಬೇಕು, ಹೆಡ್ ಮೇಲಿನ ಚೀಟಿಯಲ್ಲಿರುವ ವೋಲ್ಟೇಜ್ ಮತ್ತು ಮಷಿನ್‌ನಲ್ಲಿ ಇಟ್ಟಿರುವ ವೋಲ್ಟೇಜ್ ಒಂದೇ ಇದೆಯೇ ನೋಡಬೇಕು. ಸೆರಾಮಿಕ್ ಒಂದೊಂದು ಸ್ವಲ್ಪ ಸ್ವಲ್ಪ ಬೇರೆ ಇರುವುದರಿಂದ ಪ್ರತಿ ಹೆಡ್‌ಗೂ ಅದರದೇ ವೋಲ್ಟೇಜ್ ಬರೆದಿರುತ್ತದೆ. ಚೀಟಿಗಿಂತ ಹೆಚ್ಚಿಗೆ ಇಟ್ಟಿದ್ದರೆ, ದಣಿದ ಹೆಡ್‌ನಿಂದ ಜೋರಾಗಿ ಕೆಲಸ ತೆಗೆಯುತ್ತಿದ್ದಾರೆ ಎಂಬ ಅನುಮಾನ ಪಡಬೇಕು.

ಚಾಚಾ ಮತ್ತು ಬ್ರಷ್

ಇಲ್ಲಿ ಒಂದು ವಿಷಯ ಬಿಟ್ಟರೆ ಪಾಠ ಪೂರ್ತಿಯಾಗುವುದಿಲ್ಲ. ನಮ್ಮ ಚಾಚಾ ಬೋರ್ಡ್ ಪೇಂಟರ್. ಕನ್ನಡವನ್ನೂ ಉರ್ದುವನ್ನೂ ಒಂದೇ ಬ್ರಷ್ಷಿನಿಂದ ಬರೆಯುತ್ತಾರೆ, ಒಂದನ್ನು ಎಡದಿಂದ, ಒಂದನ್ನು ಬಲದಿಂದ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳ ಕೆಲಸ ಅವರ ಕೈಯಿಂದ ಜಾರಿತು. ಈಗ ಶಾಲೆಯ ಗೋಡೆ, ಟ್ರ್ಯಾಕ್ಟರ್ ಟ್ರೇಲರಿನ ನಂಬರು, ಮಸೀದಿಯ ಸಮಯದ ಫಲಕ ಇಂಥ ಕೆಲಸ ಮಾಡುತ್ತಾರೆ. ನಾನು ಹೊಗಳುತ್ತಿರುವ ಸಾಧನವೇ ನಮ್ಮ ಮನೆಯ ಒಂದು ಒಲೆಯ ಉರಿಯನ್ನು ಕಡಿಮೆ ಮಾಡಿದೆ. ಇದನ್ನು ಮುಚ್ಚಿಟ್ಟು ಬರೆಯಲು ಮನಸ್ಸು ಒಪ್ಪಲಿಲ್ಲ.

ಆದರೆ ಹೆಡ್‌ಗೆ ಹನಿ ಬಿಡಲು ಬರುತ್ತದೆ, ಅಕ್ಷರ ಬರುವುದಿಲ್ಲ. ಯಾವ ಹನಿ ಎಲ್ಲಿ ಬೀಳಬೇಕು ಎಂದು ಯಾರಾದರೂ ಹೇಳಬೇಕು. ಈಗ ಚಾಚಾ ಕಾಗದದ ಮೇಲೆ ಬರೆದ ಹೆಸರುಗಳನ್ನು ಸ್ಕ್ಯಾನ್ ಮಾಡಿ ಮದುವೆ ಕಾರ್ಡಿಗೆ ಹಾಕುವ ಕೆಲಸ ಭಾಯಿಜಾನ್ ಅಂಗಡಿಯಲ್ಲಿ ಶುರುವಾಗಿದೆ. ಬರವಣಿಗೆಯ ಕೂಲಿಯನ್ನು ನಾನು ಲೆಕ್ಕದ ಪುಸ್ತಕದಲ್ಲಿ ಬೇರೆ ಖಾತೆ ಮಾಡಿ ಬರೆಯುತ್ತೇನೆ, 'ಇತರೆ ಖರ್ಚು' ಎಂಬಲ್ಲಿ ಸೇರಿಸುವುದಿಲ್ಲ.

ಇನ್ನೊಂದು ಮಾತು. ಕರ್ನಾಟಕ ಸರ್ಕಾರ 2016ರಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ಬ್ಯಾನರು ಮತ್ತು ಫ್ಲೆಕ್ಸ್ ಕೂಡ ಇವೆ. ದುಡ್ಡು ಹಾಕುವವರು ಇದನ್ನು ಲೆಕ್ಕದಲ್ಲಿ ಹಿಡಿಯಲೇಬೇಕು. ಪೀಜೋ ಹೆಡ್‌ಗೆ ಬಟ್ಟೆಯ ಮೇಲೂ ಬರೆಯಲು ಬರುತ್ತದೆ, ಆದರೆ ಅದಕ್ಕೆ ತಕ್ಕ ಇಂಕು ಮತ್ತು ಮಷಿನ್ ಬೇಕು. 'ಬಟ್ಟೆಗೆ ಆಗುತ್ತದೆಯೇ?' ಎಂಬುದು ಭಾಯಿಜಾನ್ ಪಟ್ಟಿಯ ಕೊನೆಯ ಪ್ರಶ್ನೆ. ಆ ಪ್ರಶ್ನೆಗೆ ಹೌದು ಎಂಬ ಉತ್ತರ ಸಿಗುವವರೆಗೆ ಬೀಸಿಯ ದುಡ್ಡು ಎತ್ತುವುದು ಬೇಡ ಎಂದು ಅಮ್ಮಿ ಹೇಳಿದ್ದಾರೆ.

ಇಂಕು ಬಿಟ್ಟು ಬೇರೆಲ್ಲಿ?

ಹನಿ ಅಳೆಯುವ ಈ ವಿದ್ಯೆ ಪ್ರಿಂಟರಿಗೆ ನಿಂತಿಲ್ಲ. ಬಿಸ್ಕೆಟ್ ಪೊಟ್ಟಣ, ನೀರಿನ ಬಾಟಲಿಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ತಯಾರಿಕೆಯ ದಿನಾಂಕ ಬರೆದಿರುವುದನ್ನು ನೋಡಿ. ಅದನ್ನು ಬರೆಯುವ ಒಂದು ಬಗೆಯ ಮಷಿನ್‌ನಲ್ಲಿ ಇಂಕು ನಿಲ್ಲದೆ ಧಾರೆಯಾಗಿ ಹರಿಯುತ್ತದೆ. ಪೀಜೋ ಅದನ್ನು ಅಲುಗಿಸಿ ಸಮನಾದ ಹನಿಗಳಾಗಿ ಒಡೆಯುತ್ತದೆ. ಬೇಕಾದ ಹನಿಗೆ ವಿದ್ಯುತ್ ಚಾರ್ಜ್ ಕೊಟ್ಟು ತಿರುಗಿಸುತ್ತಾರೆ, ಬೇಡದ ಹನಿ ಮತ್ತೆ ಡಬ್ಬಿಗೆ ಹೋಗುತ್ತದೆ.

ದಮ್ಮು ಇರುವವರಿಗೆ ಕೊಡುವ ಮೆಶ್ ನೆಬ್ಯುಲೈಜರ್‌ನಲ್ಲಿ ಸಣ್ಣ ತೂತುಗಳ ಜಾಲರಿಯನ್ನು ಪೀಜೋ ನಡುಗಿಸುತ್ತದೆ. ಔಷಧಿ ಸುಮಾರು 5 ಮೈಕ್ರೋಮೀಟರಿನ ಹನಿಗಳ ಮಂಜಾಗಿ ಶ್ವಾಸಕೋಶದ ಒಳಗಿನವರೆಗೆ ಹೋಗುತ್ತದೆ. ಹನಿ ದೊಡ್ಡದಾದರೆ ಗಂಟಲಿನಲ್ಲೇ ಉಳಿಯುತ್ತದೆ. ಸಂಶೋಧನಾ ಪ್ರಯೋಗಾಲಯಗಳಲ್ಲಿ ರಕ್ತ ಪರೀಕ್ಷೆಯ ಚಿಪ್ಪುಗಳ ಮೇಲೆ ಪ್ರೋಟೀನ್ ಅಥವಾ ಡಿಎನ್‌ಎ ದ್ರಾವಣದ ನೂರಾರು ಚುಕ್ಕೆಗಳನ್ನು ಪೀಜೋ ಹನಿಕೆಗಳು ಇಡುತ್ತವೆ. ಅಲ್ಲಿ ದ್ರವದ ಬೆಲೆ ಬಹಳ, ಹಾಗಾಗಿ ಒಂದು ಹನಿಯ ಉಳಿತಾಯವೂ ಉಳಿತಾಯವೇ.

ಭತ್ತದ ಕಣಜವಾದ ಗಂಗಾವತಿಗೆ ಹತ್ತಿರದ ಉದಾಹರಣೆಯೂ ಇದೆ. ಅಕ್ಕಿ ಗಿರಣಿಗಳ ಬಣ್ಣ ಬೇರ್ಪಡಿಸುವ ಮಷಿನ್, ನಾವು ಸಾರ್ಟೆಕ್ಸ್ ಎನ್ನುತ್ತೇವಲ್ಲ, ಅದರಲ್ಲಿ ಬೀಳುವ ಅಕ್ಕಿಯನ್ನು ಕ್ಯಾಮೆರಾ ನೋಡುತ್ತದೆ. ಕಪ್ಪು ಕಾಳು ಕಂಡ ಕ್ಷಣ ಗಾಳಿಯ ಒಂದು ಚಿಕ್ಕ ಪೆಟ್ಟು ಅದನ್ನು ಹೊರಗೆ ಹಾರಿಸುತ್ತದೆ. ಆ ಗಾಳಿ ಬಿಡುವ ಕವಾಟವನ್ನು ಕೆಲವು ಮಷಿನ್‌ಗಳಲ್ಲಿ ಪೀಜೋ ತೆರೆದು ಮುಚ್ಚುತ್ತದೆ. ಭೌತಶಾಸ್ತ್ರದಲ್ಲಿ ದ್ರವವೂ ಗಾಳಿಯೂ ಹರಿಯುವ ವಸ್ತುಗಳ ಒಂದೇ ಸಾಲಿಗೆ ಸೇರುತ್ತವೆ. ಪೆಟ್ಟು ಸ್ವಲ್ಪ ಹೆಚ್ಚು ಹೊತ್ತು ಇದ್ದರೆ ಕಪ್ಪು ಕಾಳಿನ ಜೊತೆ ಒಳ್ಳೆಯ ಅಕ್ಕಿಯೂ ಹಾರಿಹೋಗುತ್ತದೆ.

ಒಂದು ಎಚ್ಚರಿಕೆ: ಪಿಜೆಡ್‌ಟಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಕೆಟ್ಟ ಹೆಡ್ ಅಥವಾ ಹಳೆಯ ಲೈಟರನ್ನು ಮಕ್ಕಳ ಕೈಗೆ ಒಡೆಯಲು ಕೊಡಬೇಡಿ, ಸುಡಬೇಡಿ, ಇ-ತ್ಯಾಜ್ಯಕ್ಕೆ ಕೊಡಿ. ಸೀಸವಿಲ್ಲದ ಪೀಜೋ ವಸ್ತುಗಳಿಗಾಗಿ ಜಗತ್ತಿನ ಅನೇಕ ಕಡೆ ಸಂಶೋಧನೆ ನಡೆದಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪೀಜೋ ಸೆರಾಮಿಕ್ಕುಗಳ ಅಧ್ಯಯನ ಇದೆ. ನಮ್ಮ ಸೈನ್ಸ್ ವಿಭಾಗದ ಗೆಳೆಯ ಗೆಳತಿಯರಿಗೆ ಇದು ಒಳ್ಳೆಯ ದಾರಿ.

ನೀವೇ ಲೆಕ್ಕ ಹಾಕಿ

1. 70 ಮಿಲಿಲೀಟರಿನ ಇಂಕ್ ಬಾಟಲಿಯಲ್ಲಿ 4 ಪಿಕೋಲೀಟರಿನ ಹನಿಗಳು ಎಷ್ಟು?
2. 512 ನಾಝಲ್‌ಗಳಲ್ಲಿ 16 ಸತ್ತಿದ್ದರೆ ಅದು ನೂರಕ್ಕೆ ಎಷ್ಟು? ಮಾರುವವರ ಹತ್ತಿರ ಬೆಲೆ ಕಡಿಮೆ ಮಾಡಿ ಎಂದು ಕೇಳಲು ಇದು ಸಾಕೇ? ನಿಮ್ಮ ಕಾರಣ ಬರೆಯಿರಿ.
3. ಹೆಡ್ ಬೆಲೆ 60,000 ರೂಪಾಯಿ, ಬಾಳಿಕೆ 1,00,000 ಚದರಡಿ. ಒಂದು ತಿಂಗಳಲ್ಲಿ 4,500 ಚದರಡಿ ಕೆಲಸವಾದರೆ ಆ ತಿಂಗಳ ಸವಕಳಿ ಎಷ್ಟು?

ಉತ್ತರ: ಮೊದಲನೆಯದು 1,750 ಕೋಟಿ ಹನಿ. ಎರಡನೆಯದು 3.125. ಮೂರನೆಯದು 2,700 ರೂಪಾಯಿ. ಎರಡನೆಯ ಪ್ರಶ್ನೆಯ ಕಾರಣವನ್ನು ಬರೆದು ನಮ್ಮ ಕಾಮರ್ಸ್ ಮೇಡಂ ಹತ್ತಿರ ಕೊಡಿ. ಚೆನ್ನಾಗಿರುವುದನ್ನು ಭಾಯಿಜಾನ್‌ಗೂ ಓದಿ ಹೇಳುತ್ತೇನೆ.